ಗರುಡನ ಮೊಟ್ಟೆ

ಹೊಳೆ ಬಾಗುವ ಕಡೆ ಒಂದು ಆಶ್ರಮ. ಹಿಂದೆ ಕಡಿದಾದ ಬಂಡೆಬೆಟ್ಟ, ಮುಂದೆ ನೀರು. ನಡುವೆ ಮುಳ್ಳಿನ ಬೇಲಿ, ಬೇಲಿಯೊಳಗೆ ನಾಲ್ಕು ಗುಡಿಸಲು.

ಅಲ್ಲಿದ್ದ ಗುರುಗಳ ಹೆಸರು ನಿರ್ವಾಣಯ್ಯ. ಸುತ್ತಲಿನ ಹಳ್ಳಿಗಳಿಗೆ ಅವರೇ ವೈದ್ಯರು. ಯಾವ ಮಾತನ್ನೂ ಅವರು ಎರಡನೇ ಸಲ ಹೇಳುತ್ತಿರಲಿಲ್ಲ. ಮೊದಲ ಸಲ ಕೇಳಿಸಿಕೊಳ್ಳದವನು ಎರಡನೇ ಸಲವೂ ಕೇಳಿಸಿಕೊಳ್ಳುವುದಿಲ್ಲ ಎಂಬುದು ಅವರ ಅನುಭವ.

ಅವರ ಶಿಷ್ಯ ತ್ರ್ಯಂಬಕ. ಹನ್ನೆರಡು ವರ್ಷ ಕಲಿತವನು. ಬೇರುಗಳ ಹೆಸರು, ನಾಡಿಯ ನಡೆ, ಕಷಾಯಗಳ ಹದ ಎಲ್ಲ ಬಾಯಲ್ಲೇ ಇತ್ತು. ಮುಂದೆ ತಾನು ಬರೆಯಲಿರುವ ಗ್ರಂಥಕ್ಕೆ ಹೆಸರನ್ನೂ ಇಟ್ಟಾಗಿತ್ತು. ಗ್ರಂಥವೊಂದು ಬಾಕಿ.

ಮಾಗಿಯ ಒಂದು ಬೆಳಗ್ಗೆ ಅವನು ಗುರುಗಳ ಮುಂದೆ ಕೈಮುಗಿದು ನಿಂತ.

"ಬುದ್ಧಿ, ರೋಗ ವಾಸಿ ಮಾಡೋದು ಕಲಿತೆ. ಸಾವನ್ನ ನಾಲ್ಕು ದಿನ ಮುಂದಕ್ಕೆ ತಳ್ಳೋದೂ ಕಲಿತೆ. ಇನ್ನು ಜೀವ ಕೊಡೋ ವಿದ್ಯೆ ಒಂದು ಉಳಿದಿದೆ. ಅದನ್ನೂ ಹೇಳಿಕೊಡಿ."

"ಅದು ನನಗೆ ಬರೋದಿಲ್ಲ," ಎಂದರು ಗುರುಗಳು. "ಸೌದೆ ರಾಶಿ ಸಂದೀಲಿ ಊರಿನ ಕೋಳಿ ಒಂದು ಕಾವಿಗೆ ಕೂತಿದೆ. ಅದಕ್ಕೆ ಬರುತ್ತೆ. ಹೋಗಿ ನೋಡು."

ತ್ರ್ಯಂಬಕ ಅದನ್ನು ಅವಮಾನ ಎಂದುಕೊಂಡ. ಗುರುಗಳು ಹೇಳಿದ್ದು ಆ ವಿದ್ಯೆಯ ವಿಳಾಸ.

ಆದರೂ ಹೋಗಿ ನೋಡಿದ. ಕೋಳಿ ಅವನ ಕೈಗೆ ಕುಕ್ಕಿತು. ಅಲ್ಲಿಗೆ ಅವನ ಅಭ್ಯಾಸ ಮುಗಿಯಿತು.

"ಬುದ್ಧಿಯೇ ಇಲ್ಲದ ಕೋಳಿ ಮಾಡೋ ಕೆಲಸ ಮನುಷ್ಯನ ಕೈಲಿ ಆಗೋದಿಲ್ವೆ?" ಎಂದು ಅಡುಗೆಯ ನಂಜವ್ವನನ್ನು ಕೇಳಿದ.

"ಆಗುತ್ತೆ ಕಣಪ್ಪ," ಎಂದಳು ಮುದುಕಿ, ಸೊಪ್ಪು ಬಿಡಿಸುತ್ತ. "ಕೂತಲ್ಲೇ ಕೂತಿರಬೇಕು. ಬಾಯಿ ಮುಚ್ಕೊಂಡಿರಬೇಕು. ಅದು ನಿನ್ನ ಕೈಲಿ ಆಗುತ್ತಾ ನೋಡ್ಕೋ."

ಹೊಳೆಯಂಚಿನ ಗದ್ದೆಗಳಲ್ಲಿ ಬಾತು ಮೇಯಿಸುವವರು ತಾಯಿಹಕ್ಕಿಯಿಲ್ಲದೆ ಮರಿ ಮಾಡುತ್ತಿದ್ದರು. ತ್ರ್ಯಂಬಕ ಅವರ ಬಳಿ ಎರಡು ದಿನ ಕೂತು ಕಲಿತ. ಬಿಸಿಲಿಗೆ ಕಾಯಿಸಿದ ಬತ್ತದ ಹೊಟ್ಟನ್ನು ಕುಕ್ಕೆಗೆ ತುಂಬಬೇಕು. ನಡುವೆ ಮೊಟ್ಟೆ ಹೂಳಬೇಕು. ದಿನಕ್ಕೆ ಮೂರು ಸಲ ಹೊರಳಿಸಬೇಕು. ಕಾವು ಸರಿಯಿದೆಯೇ ಎಂದು ತಿಳಿಯಲು ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಟ್ಟುಕೊಳ್ಳಬೇಕು. ಕೈ ಸುಳ್ಳು ಹೇಳುತ್ತದೆ, ರೆಪ್ಪೆ ಹೇಳುವುದಿಲ್ಲ.

ಆದರೆ ಬಾತಿನ ಮೊಟ್ಟೆ ಅವನಿಗೆ ಬೇಡವಾಯಿತು. ಬಾತಿನ ಮರಿ ಮಾಡಿದವನ ಹೆಸರನ್ನು ಯಾರು ನೆನಪಿಡುತ್ತಾರೆ?

ಅವನು ಬೆಟ್ಟದ ಕಡೆ ನೋಡಿದ. ಬಂಡೆಯ ನೆತ್ತಿಯ ಮೇಲೆ ಗರುಡ ಸುತ್ತುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಬಂಡೆಯ ನಡುಮೈಯಲ್ಲಿ, ಹಿಕ್ಕೆಯ ಬಿಳಿ ಗೆರೆ ಇಳಿದ ಒಂದು ಚಾಚು ಇತ್ತು. ಗೂಡು ಅಲ್ಲೇ ಇರಬೇಕು ಎಂದು ತೀರ್ಮಾನಿಸಿದ. ಅವನು ಅನುಮಾನಿಸುವವನಲ್ಲ, ತೀರ್ಮಾನಿಸುವವನು.

"ಗರುಡ ಮರದ ಮೇಲೆ ಗೂಡು ಕಟ್ಟೋದು ಕಣಪ್ಪ," ಎಂದಳು ನಂಜವ್ವ.

"ಅವ್ವಾ, ನೀವು ಶಾಸ್ತ್ರ ಓದಿದೀರಾ?"

"ಇಲ್ಲಪ್ಪ. ಗರುಡನ್ನ ನೋಡಿದೀನಿ."

ಅವನು ನಕ್ಕು, ನಾರಿನ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟ. ಮಧ್ಯಾಹ್ನ ಮೊಣಕಾಲು ತರಚಿಕೊಂಡು ಹಿಂತಿರುಗಿದಾಗ ಅವನ ಮಡಿಲಲ್ಲಿ ಒಂದು ಮೊಟ್ಟೆಯಿತ್ತು. ಬೆಳ್ಳಗೆ, ಒರಟಾಗಿ, ಮುಷ್ಟಿಗಿಂತ ದೊಡ್ಡದಾಗಿತ್ತು.

ಗುರುಗಳು ಅದನ್ನು ಮುಟ್ಟಿ ನೋಡಿದರು.

"ಇದರ ತಾಯಿ ಇರಲಿಲ್ವೆ?"

"ಇರಲಿಲ್ಲ ಬುದ್ಧಿ. ಎಲ್ಲೋ ಹೋಗಿತ್ತು."

"ಹೇಳಿ ಬಂದೆಯಾ?"

ತ್ರ್ಯಂಬಕ ತರಚಿದ ಮೊಣಕಾಲು ಒರೆಸಿಕೊಂಡ.

"ಇನ್ನೂ ಬೆಚ್ಚಗಿದೆ. ತಂದ ಕಡೆ ಇಟ್ಟು ಬಾ," ಎಂದರು ಗುರುಗಳು.

"ತಂದಾಯ್ತಲ್ಲ ಬುದ್ಧಿ. ಇಷ್ಟಕ್ಕೂ ನಾನು ಇದನ್ನ ಕೊಲ್ಲೋಕೆ ತಂದಿಲ್ಲ. ಹುಟ್ಟಿಸೋಕೆ ತಂದಿದೀನಿ."

ಗುರುಗಳು ಎರಡನೇ ಸಲ ಹೇಳಲಿಲ್ಲ.

ಮೂರು ದಿನ ಆಶ್ರಮದ ಮೇಲೆ ಒಂದು ದೊಡ್ಡ ಹಕ್ಕಿ ಸುತ್ತಿತು. ಅದರ ನೆರಳು ಅಂಗಳದಲ್ಲಿ ಹಾಯುವಾಗ ಕೋಳಿ ಸೌದೆಯ ಸಂದಿಗೆ ಇನ್ನಷ್ಟು ಸರಿಯುತ್ತಿತ್ತು.

"ನೋಡಿ ಬುದ್ಧಿ, ಗರುಡ ಪ್ರದಕ್ಷಿಣೆ ಹಾಕ್ತಿದೆ!" ಎಂದ ತ್ರ್ಯಂಬಕ.

ಗುರುಗಳು ಹಣೆಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡಿದರು. ನಾಲ್ಕನೆಯ ದಿನ ಆಕಾಶ ಬರಿದಾಗಿತ್ತು.

ಸುದ್ದಿ ಊರಿಗೆ ಮುಟ್ಟಿತು. ಗರುಡ ಹುಟ್ಟುತ್ತಾನಂತೆ ಎಂದು ಜನ ತೆಂಗಿನಕಾಯಿ ಹಿಡಿದು ಬಂದರು. ಬತ್ತದ ಹೊಟ್ಟಿನ ಕುಕ್ಕೆಗೆ ಕುಂಕುಮ ಬಿತ್ತು. ತ್ರ್ಯಂಬಕ ಗರುಡನ ಮೇಲೆ ತಾನೇ ಒಂದು ಸ್ತೋತ್ರ ಕಟ್ಟಿದ. ಬೆಳಗ್ಗೆ ಸಂಜೆ ಕುಕ್ಕೆಗೆ ಬಾಯಿ ತಾಗುವಷ್ಟು ಬಗ್ಗಿ, ಗಟ್ಟಿ ದನಿಯಲ್ಲಿ ಅದನ್ನು ಹೇಳುತ್ತಿದ್ದ. ಸ್ತೋತ್ರದ ಕೊನೆಯ ನುಡಿಯಲ್ಲಿ ಕವಿಯ ಹೆಸರೂ ಬರುತ್ತಿತ್ತು.

ಇಪ್ಪತ್ತೊಂದನೆಯ ದಿನ ಮರಿ ಬರುತ್ತದೆ ಎಂದು ಸಾರಿದ. ಕೋಳಿಗೆ ಅಷ್ಟೇ ದಿನ. ಜನ ಸೇರಿದರು. ಮರಿ ಬರಲಿಲ್ಲ.

ಗರುಡ ದೊಡ್ಡವನು, ಇಪ್ಪತ್ತೆಂಟು ದಿನ ಎಂದ. ಜನ ಮತ್ತೆ ಸೇರಿದರು. ಸ್ವಲ್ಪ ಕಡಿಮೆ.

ಮೂವತ್ತೈದನೆಯ ದಿನ ಬಂದದ್ದು ಒಬ್ಬನೇ. ಅವನಿಗೆ ಹಲ್ಲುನೋವಿತ್ತು.

"ಅದೇನು ಮೊಟ್ಟೆಯೋ ಹೊಳೆಗಲ್ಲೋ, ಸರಿಯಾಗಿ ನೋಡ್ಕಂಡು ತಂದ್ಯಾ?" ಎಂದಳು ನಂಜವ್ವ.

ಅವನು ಬಿಡಲಿಲ್ಲ. ಹೊಟ್ಟು ಕಾಯಿಸಿದ, ಹೊರಳಿಸಿದ, ರೆಪ್ಪೆಗೆ ಒತ್ತಿದ. ನೋಡುವವರಿಲ್ಲದ ಮೇಲೂ ಮಾಡಿದ. ಅವನ ಪರವಾಗಿ ಹೇಳಬಹುದಾದ ಮಾತು ಇದೊಂದೇ. ಇದು ಸಣ್ಣ ಮಾತಲ್ಲ.

ನಲವತ್ತೊಂಬತ್ತನೆಯ ದಿನ, ಬಿಸಿಲು ಆಗಷ್ಟೇ ಅಂಗಳಕ್ಕೆ ಇಳಿಯುತ್ತಿದ್ದಾಗ, ಅವನು ಎಂದಿನಂತೆ ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಟ್ಟುಕೊಂಡ.

ಒಳಗಿನಿಂದ ಯಾರೋ ತಟ್ಟಿದರು.

ಮತ್ತೊಮ್ಮೆ. ಅವನ ಕಣ್ಣುಗುಡ್ಡೆಗೇ ತಾಗುವಂತೆ, ಒಂದೇ ಒಂದು ಸಣ್ಣ ಏಟು. ಅದರ ಹಿಂದೆ ಎಳೆಯದೊಂದು ದನಿ. ಗೋಡೆಯ ಆಚೆ ಯಾರೋ ನಿದ್ದೆಯಲ್ಲಿ ಮಾತಾಡಿದ ಹಾಗೆ.

ಹನ್ನೆರಡು ವರ್ಷ ಓದಿದ ಒಂದು ಅಕ್ಷರವೂ ಅವನಿಗೆ ನೆನಪಾಗಲಿಲ್ಲ. ಕಣ್ಣಿನಿಂದ ನೀರು ಇಳಿದು ಮೊಟ್ಟೆ ಒದ್ದೆಯಾಯಿತು.

"ಬುದ್ಧಿ," ಎಂದು ಕೂಗಲು ಹೋದ. ದನಿ ಬರಲಿಲ್ಲ.

ಗುರುಗಳು ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು.

ಚಿಪ್ಪಿನಲ್ಲಿ ನಕ್ಷತ್ರದಂಥ ಒಂದು ಬಿರುಕು ಮೂಡಿತು. ಆಮೇಲೆ ಏನೂ ಇಲ್ಲ. ಮಧ್ಯಾಹ್ನವಾಯಿತು. ಒಳಗಿನ ಜೀವ ಒಂದು ಏಟು ಹಾಕುತ್ತಿತ್ತು, ದಣಿಯುತ್ತಿತ್ತು, ಮಲಗುತ್ತಿತ್ತು, ಮತ್ತೆ ಒಂದು ಏಟು. ಮಾರನೆಯ ದಿನವೂ ಹೀಗೆಯೇ. ತ್ರ್ಯಂಬಕನ ಬೆರಳು ಚಿಪ್ಪಿನತ್ತ ಹೋಯಿತು.

ಗುರುಗಳು ಅವನ ಮಣಿಕಟ್ಟು ಹಿಡಿದರು.

"ಒಂದು ಚೂರು ಬಿಡಿಸ್ತೀನಿ ಬುದ್ಧಿ. ಪಾಪ, ಒದ್ದಾಡ್ತಿದೆ."

"ಅದು ಒದ್ದಾಟ ಅಲ್ಲ. ಅದರ ಮೊದಲನೇ ಕೆಲಸ. ಅದನ್ನೂ ನೀನೇ ಮಾಡಬೇಡ."

ಸಂಜೆಯ ಹೊತ್ತಿಗೆ ಚಿಪ್ಪಿನ ಮುಚ್ಚಳ ಕಳಚಿತು.

ಹೊರಗೆ ಬಿದ್ದದ್ದನ್ನು ತ್ರ್ಯಂಬಕ ನೋಡಿದ. ಬೋಳು ತಲೆ. ಹಳೇ ಹಗ್ಗದಂಥ ಕುತ್ತಿಗೆ. ಬೂದಿಬಣ್ಣದ ಒದ್ದೆ ತುಪ್ಪುಳು, ಅದರ ಸಂದಿಯಲ್ಲಿ ಕೆಂಪು ಚರ್ಮ, ನೀರು ತುಂಬಿದ ತಿತ್ತಿಯಂಥ ಹೊಟ್ಟೆ. ಅದು ತಲೆ ಎತ್ತಲು ಹೋಗಿ ಬಿತ್ತು. ಮತ್ತೆ ಎತ್ತಿತು. ಕಣ್ಣು ತೆರೆಯಿತು.

ಅವನನ್ನೇ ನೋಡಿತು.

ನಂಜವ್ವ ಹಿಂದಿನಿಂದ ಇಣುಕಿದಳು. "ಅಯ್ಯೋ ಶಿವನೇ! ಇದೆಲ್ಲಿ ಗರುಡನಪ್ಪಾ? ಇದು ರಣಹದ್ದು! ಹೆಣ ತಿನ್ನೋದು!"

ಗುರುಗಳು ಎದ್ದು, ನೆಲಕ್ಕೆ ಹಣೆ ಮುಟ್ಟಿಸಿ ಮರಿಗೆ ನಮಸ್ಕಾರ ಮಾಡಿದರು. ಆಮೇಲೆ ಕೈಕಾಲು ತೊಳೆದುಕೊಳ್ಳಲು ಹೊಳೆಗೆ ಹೋದರು.

ತ್ರ್ಯಂಬಕ ಅದಕ್ಕೆ ಹಾಲು ಕೊಟ್ಟ. ಕುಡಿಯಲಿಲ್ಲ. ಬಾಳೆಹಣ್ಣು ಕೊಟ್ಟ. ಸಜ್ಜಿಗೆ ಕೊಟ್ಟ. ಆಶ್ರಮದ ಆಹಾರ ಅದಕ್ಕೆ ಒಗ್ಗಲಿಲ್ಲ. ಬೆಳಗ್ಗೆ ಹಲ್ಲುನೋವಿನವನು ಬಂದವನೇ ನೋಡಿ, ಊರಿಗೆ ಓಡಿದ. ಮಧ್ಯಾಹ್ನಕ್ಕೆ ಇಡೀ ಊರು ಬೇಲಿಯಾಚೆ ನಿಂತು ಮೂಗು ಮುಚ್ಚಿಕೊಂಡಿತ್ತು. ಯಾರೋ ತಮ್ಮ ತೆಂಗಿನಕಾಯಿ ವಾಪಸ್ ಕೇಳಿದರು.

"ಇದನ್ನ ಬಂಡೆ ಮೇಲೆ ಬಿಟ್ಟು ಬರ್ತೀನಿ ಬುದ್ಧಿ," ಎಂದ ತ್ರ್ಯಂಬಕ.

"ಅಲ್ಲಿ ಯಾರಿದಾರೆ?"

ಅವನು ಮೇಲೆ ನೋಡಿದ. ಬಂಡೆಯ ಚಾಚು ಬರಿದಾಗಿತ್ತು. ನಲವತ್ತೇಳು ದಿನದಿಂದ ಬರಿದಾಗಿಯೇ ಇತ್ತು.

"ಇದು ನಾನು ಕೇಳಿದ್ದಲ್ಲ," ಎಂದ.

"ಅದೂ ನಿನ್ನನ್ನ ಕೇಳಿರಲಿಲ್ಲ," ಎಂದರು ಗುರುಗಳು.

ತ್ರ್ಯಂಬಕ ಆ ಮಧ್ಯಾಹ್ನವೇ ಹರಿಗೋಲು ಹತ್ತಿ ಆಚೆ ದಡಕ್ಕೆ ಹೋದ. ಮೈಲಿಗೆಯಾಗಿದೆ, ಜಪ ಮಾಡಬೇಕು ಎಂದು ನಂಜವ್ವನಿಗೆ ಹೇಳಿದ. ಹೊಳೆಯ ನಡುವೆ ಬರುವವರೆಗೂ ಒಂದು ಸೀಳು ದನಿ ಕೇಳುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ಆಚೆ ದಡದ ಮಂಟಪದಲ್ಲಿ ಕೂತು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನ ಮೇಲೆ ಯಾರೋ ತಟ್ಟಿದ ಹಾಗಾಯಿತು. ಕಣ್ಣು ತೆರೆದುಕೊಂಡೇ ಜಪ ಮಾಡಿದ.

ಮರುದಿನ ಬೆಳಗ್ಗೆ ಗುರುಗಳು ಕುಕ್ಕೆ ಹಿಡಿದು ಹರಿಗೋಲಿನಿಂದ ಇಳಿದರು. ಕುಕ್ಕೆಯನ್ನು ಮಂಟಪದ ಮೆಟ್ಟಿಲ ಮೇಲಿಟ್ಟು, ಕಂಬಕ್ಕೆ ಒರಗಿ ಕೂತರು.

ತ್ರ್ಯಂಬಕ ನೋಡದಂತೆ ನೋಡಿದ. ಮರಿ ತಲೆ ಚೆಲ್ಲಿ ಬಿದ್ದಿತ್ತು. ಕುತ್ತಿಗೆಯಲ್ಲಿ ಮಾತ್ರ ಒಂದು ನರ ಮಿಡಿಯುತ್ತಿತ್ತು.

"ಸತ್ತಿದೆಯಾ ಬುದ್ಧಿ?"

"ಇನ್ನೂ ಇಲ್ಲ. ನನ್ನ ಕೈಯಿಂದ ಏನೂ ತಗೊಳ್ತಿಲ್ಲ. ನಾಳೆ ಬೆಳಗಿನ ತನಕ ಇದ್ರೆ ಹೆಚ್ಚು."

ಅವನಿಗೆ ಭಯವಾಯಿತು. ಭಯವಾದಾಗ ಅವನು ಮಾಡುತ್ತಿದ್ದದ್ದು ಒಂದೇ: ಬಾಯಿಗೆ ಬಂದದ್ದನ್ನು ಪಠಿಸುವುದು. ಬಾಯಿಗೆ ಬಂದದ್ದು ಅವನದೇ ಸ್ತೋತ್ರ.

ಮೊದಲ ಸಾಲಿಗೆ ಮರಿಯ ತಲೆ ಅಲುಗಿತು.

ಎರಡನೆಯ ಸಾಲಿಗೆ ಅದು ಕುತ್ತಿಗೆ ಎತ್ತಿತು. ನಡುಗುತ್ತ ನೆಟ್ಟಗೆ ನಿಲ್ಲಿಸಿತು. ಬಾಯಿ ಅಗಲವಾಗಿ ತೆರೆಯಿತು. ಮೈಗಿಂತ ಬಾಯಿಯೇ ದೊಡ್ಡದು ಎನ್ನುವ ಹಾಗೆ.

ಅವನು ಬೆಚ್ಚಿ ನಿಲ್ಲಿಸಿದ. ಬಾಯಿ ಮುಚ್ಚಿತು, ತಲೆ ಬಿತ್ತು.

ಮೆಲ್ಲಗೆ ಮತ್ತೆ ಹೇಳಿದ. ತಲೆ ಎದ್ದಿತು, ಬಾಯಿ ತೆರೆಯಿತು.

ನಲವತ್ತೈದು ದಿನ ಅವನು ಗರುಡನಿಗೆ ಸ್ತೋತ್ರ ಹೇಳಿದ್ದ. ಒಳಗೆ ಕತ್ತಲಲ್ಲಿ ಕೂತು ಕೇಳಿಸಿಕೊಂಡದ್ದು ಇದು. ಲೋಕದಲ್ಲಿ ಅದಕ್ಕೆ ಗೊತ್ತಿದ್ದದ್ದು ಅದೊಂದೇ ದನಿ.

ತ್ರ್ಯಂಬಕ ಕುಕ್ಕೆಯ ಪಕ್ಕ ಮೆಟ್ಟಿಲ ಮೇಲೆ ಕೂತ.

"ಅದಕ್ಕೆ ಅರ್ಥ ಗೊತ್ತಿಲ್ಲ ಬುದ್ಧಿ."

"ನಿನಗೆ?" ಎಂದರು ಗುರುಗಳು.

ಅವನು ಕುಕ್ಕೆ ಎತ್ತಿಕೊಂಡು ಹರಿಗೋಲಿನ ಕಡೆ ಓಡಿದ. ಗುರುಗಳನ್ನು ಮಂಟಪದಲ್ಲೇ ಬಿಟ್ಟು ಹೊರಟದ್ದು ನಡುಹೊಳೆಯಲ್ಲಿ ನೆನಪಾಯಿತು.

ಊರಾಚೆ, ಸತ್ತ ದನಗಳ ಚರ್ಮ ಸುಲಿಯುವ ದೊಡ್ಡಮಾದಯ್ಯ ಇದ್ದ. ಆ ಕಡೆ ಗಾಳಿ ಬೀಸಿದರೂ ತ್ರ್ಯಂಬಕ ಸ್ನಾನ ಮಾಡುತ್ತಿದ್ದ. ಅವನು ಕುಕ್ಕೆ ಹಿಡಿದು ಬರುವುದನ್ನು ಕಂಡು ದೊಡ್ಡಮಾದಯ್ಯ ಕತ್ತಿ ಕೆಳಗಿಟ್ಟ.

"ಏನು ಸ್ವಾಮೇರು ದಾರಿ ತಪ್ಪಿದಂಗದೆ?"

"ತಪ್ಪಿದ್ದು ಹೌದು," ಎಂದ ತ್ರ್ಯಂಬಕ. "ಇದಕ್ಕೆ ತಿನ್ನೋಕೆ ಏನಾದ್ರೂ ಕೊಡಿ."

ದೊಡ್ಡಮಾದಯ್ಯ ಮರಿಯನ್ನು ನೋಡಿ, ಮುಖ ಅರಳಿಸಿದ. "ಓಹೋ, ನಮ್ಮ ಜೊತೆಗಾರ! ಇವರು ಬರದಿದ್ರೆ ಈ ಜಾಗದಲ್ಲಿ ಯಾರು ಬಾಳ್ತಿದ್ರು ಹೇಳಿ. ಒಂದು ಎತ್ತು ಬಿದ್ರೆ ಊರಿಗೆ ಊರೇ ಕಾಯಿಲೆ ಬೀಳ್ತಿತ್ತು. ನಿಮ್ಮ ಗುರುಗಳು ಬೇರು ಅರೆದು ಮಾಡೋ ವೈದ್ಯ, ಇವರು ತಿಂದು ಮಾಡ್ತಾರೆ."

"ಹೇಗೆ ತಿನ್ನಿಸೋದು?"

"ಇದರವ್ವ ನುಂಗಿ, ಹೊಟ್ಟೇಲಿ ಮೆತ್ತಗೆ ಮಾಡಿ, ಕಕ್ಕಿ ಬಾಯಿಗೆ ಕೊಡ್ತಾಳೆ. ನೀವು ನುಂಗ್ತೀರಾ?"

ತ್ರ್ಯಂಬಕನ ಮುಖ ನೋಡಿ ದೊಡ್ಡಮಾದಯ್ಯ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಮಾಂಸವನ್ನು ಕಲ್ಲಿನ ಮೇಲೆ ಜಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಗಂಜಿಯ ಹಾಗೆ ಮಾಡುವುದನ್ನು ತೋರಿಸಿಕೊಟ್ಟ. ತ್ರ್ಯಂಬಕ ಸ್ತೋತ್ರ ಹೇಳುತ್ತ, ಬರಿ ಬೆರಳಿನಿಂದ ಮೊದಲ ತುತ್ತು ಇಟ್ಟ. ಮರಿ ನುಂಗಿತು. ಬೆರಳನ್ನೂ ನುಂಗಲು ನೋಡಿತು.

"ಮಂತ್ರ ಹೇಳ್ಕಂಡು ಬಾಡು ತಿನ್ನಿಸಿದ್ದನ್ನ ಇವತ್ತೇ ಕಂಡೆ," ಎಂದ ದೊಡ್ಡಮಾದಯ್ಯ.

ಕುಕ್ಕೆಯನ್ನೂ ಎಲೆಯಲ್ಲಿ ಕಟ್ಟಿದ ನಾಳೆಯ ಪಾಲನ್ನೂ ಹಿಡಿದು ಆಶ್ರಮಕ್ಕೆ ಬಂದರೆ ನಂಜವ್ವ ಬೇಲಿಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಬೇಲಿಯೊಳಗೆ ಮಾಂಸ ಬರಕೂಡದು. ಗುರುಗಳ ಗುರುಗಳ ಕಾಲದ ಕಟ್ಟಳೆ."

ಬೇರೆಯವರ ಹರಿಗೋಲು ಹಿಡಿದು ಆಗಷ್ಟೇ ಬಂದ ಗುರುಗಳು ಇದನ್ನು ಕೇಳಿಸಿಕೊಂಡರು. "ಕಟ್ಟಳೆ ಮುರಿಯೋ ಹಾಗಿಲ್ಲ," ಎಂದು ಒಪ್ಪಿಕೊಂಡರು. ಆಮೇಲೆ ಹಾರೆ ತಂದು ಬೇಲಿಯ ಗೂಟ ಕೀಳತೊಡಗಿದರು.

ಸಂಜೆಯ ಹೊತ್ತಿಗೆ ಬೇಲಿ ಇಪ್ಪತ್ತು ಹೆಜ್ಜೆ ಒಳಕ್ಕೆ ಬಂದಿತ್ತು. ತ್ರ್ಯಂಬಕನ ಗುಡಿಸಲು ಆಚೆ ಉಳಿದಿತ್ತು.

"ಹಾಗಾದ್ರೆ ನಾನು ಆಶ್ರಮದವನಲ್ವೆ ಬುದ್ಧಿ?"

"ಪಾಠ ಈಗ ಆಚೆ ನಡೀತಿದೆ," ಎಂದರು ಗುರುಗಳು, ಕೈಯ ಮಣ್ಣು ಕೊಡವುತ್ತ.

ನಾಲ್ಕು ತಿಂಗಳು ನಡೆಯಿತು. ಮರಿ ಹಗಲು ರಾತ್ರಿ ಹಸಿಯಿತು. ತ್ರ್ಯಂಬಕ ದಿನವೂ ದೊಡ್ಡಮಾದಯ್ಯನ ಪಕ್ಕ ಕೂತು ಕಲ್ಲಿನ ಮೇಲೆ ಜಜ್ಜಿದ. ಅವನ ಮೈಯೇ ನಾರಿತು. ಊರಿನವರು ಅವನನ್ನು ಹದ್ದಿನವ್ವ ಎಂದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದ ಮುಂದೆ. ಗ್ರಂಥಕ್ಕೆ ಇಟ್ಟ ಹೆಸರು ಅವನಿಗೇ ಮರೆತುಹೋಯಿತು.

ತುಪ್ಪುಳು ಉದುರಿ ಗರಿ ಬಂತು. ಒಂದು ದಿನ ಅದು ಗುಡಿಸಲ ಮುಂದೆ ನಿಂತು, ಸುಮ್ಮನೆ ಮೈ ಮುರಿಯುವ ಹಾಗೆ, ರೆಕ್ಕೆ ಬಿಚ್ಚಿತು.

ಬಿಚ್ಚುತ್ತಲೇ ಇತ್ತು. ಒಂದು ಮಡಿಕೆ, ಇನ್ನೊಂದು ಮಡಿಕೆ. ಆ ತುದಿಯಿಂದ ಈ ತುದಿಗೆ ತ್ರ್ಯಂಬಕ ಉದ್ದಕ್ಕೆ ಮಲಗಿದರೂ ಸಾಲದಷ್ಟು. ಗುಡಿಸಲ ಬಾಗಿಲು ಕತ್ತಲಾಯಿತು. ನಂಜವ್ವನ ಕೈಯ ಮೊರ ಜಾರಿ ಬಿತ್ತು.

"ಇದೆಲ್ಲ ಆ ಮೊಟ್ಟೆಯೊಳಗೇ ಇತ್ತಾ?" ಎಂದಳು, ಮೆಲ್ಲಗೆ.

ಇದನ್ನು ತಾನು ಮಾಡಿದೆ ಎಂದು ಒಂದು ಕಾಲದಲ್ಲಿ ಹೇಳಲು ಹೊರಟಿದ್ದವನು ತ್ರ್ಯಂಬಕನೇ.

ಹಾರುವ ಕಾಲ ಬಂದಿತ್ತು. ಹಾರದೆ ಉಳಿದರೆ ನೆಲದ ಮೇಲೆ ನಾಯಿಗಳ ಪಾಲು. ಇದನ್ನು ಹೇಳಿದವನು ದೊಡ್ಡಮಾದಯ್ಯ. "ಬಂಡೆ ನೆತ್ತಿಗೆ ಹೊತ್ಕಂಡು ಹೋಗಿ. ಬಿಸಿಲೇರಲಿ. ಇವರು ರೆಕ್ಕೆ ಬಡಿದು ಹಾರೋರಲ್ಲ. ಬಂಡೆ ಕಾದಾಗ ಗಾಳಿ ಏಳುತ್ತೆ, ಅದು ಎತ್ಕಂಡು ಹೋಗುತ್ತೆ."

ತ್ರ್ಯಂಬಕ ಹಕ್ಕಿಯನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದ. ಗುರುಗಳು ಕೋಲೂರಿಕೊಂಡು ಹಿಂದೆ ಬಂದರು.

ಬಂಡೆಯಂಚಿನಲ್ಲಿ ಅದನ್ನು ಇಳಿಸಿದ. ಕೆಳಗೆ ಹೊಳೆ ಒಂದು ದಾರದಷ್ಟಿತ್ತು. ಮೇಲೆ, ಕಣ್ಣು ನಿಲ್ಲದಷ್ಟು ಎತ್ತರದಲ್ಲಿ, ಹನ್ನೆರಡು ಹದಿಮೂರು ರಣಹದ್ದುಗಳು ಸುತ್ತುತ್ತಿದ್ದವು.

ಗಾಳಿ ಎದ್ದಿತು. ಹಕ್ಕಿ ರೆಕ್ಕೆ ಬಿಚ್ಚಿತು.

"ಹೋಗು ಮಗೂ, ಹೆದರಬೇಡ," ಎಂದ ತ್ರ್ಯಂಬಕ.

ದನಿ ಕೇಳಿದ್ದೇ ಅದು ರೆಕ್ಕೆ ಮಡಚಿ, ಅವನತ್ತ ತಿರುಗಿ, ಬಾಯಿ ತೆರೆಯಿತು.

ಎರಡನೇ ಸಲ ಗಾಳಿ ಎದ್ದಿತು. ಅವನು ಧೈರ್ಯ ಹೇಳಿದ. ಅದು ಮತ್ತೆ ತಿರುಗಿತು. ಮೂರನೇ ಸಲ ಸ್ತೋತ್ರ ಹೇಳಿದ. ಅದು ಕುಪ್ಪಳಿಸಿ ಬಂದು ಅವನ ಕಾಲ ಸಂದಿಯಲ್ಲಿ ನಿಂತಿತು. ಹೊತ್ತು ಇಳಿಯತೊಡಗಿತ್ತು. ಬಂಡೆ ಆರಿದರೆ ಗಾಳಿ ಇಲ್ಲ.

"ಏನು ಹೇಳಲಿ ಬುದ್ಧಿ? ಯಾವ ಮಾತು ಹೇಳಿದ್ರೆ ಹೋಗುತ್ತೆ?"

ಗುರುಗಳು ಹಕ್ಕಿಯನ್ನು ಎತ್ತಿ ಅಂಚಿನಲ್ಲಿಟ್ಟರು. ತ್ರ್ಯಂಬಕನ ಹಿಂದೆ ಬಂದು ನಿಂತು, ತಮ್ಮ ಅಂಗೈಯಿಂದ ಅವನ ಬಾಯಿ ಮುಚ್ಚಿದರು.

ಬೆಟ್ಟ ನಿಶ್ಶಬ್ದವಾಯಿತು.

ಹಕ್ಕಿ ಕಾಯಿತು. ತಲೆ ಓರೆ ಮಾಡಿ ಆಲಿಸಿತು. ಒಮ್ಮೆ ತಿರುಗಿ ನೋಡಿತು. ಗುರುಗಳ ಬೆರಳುಗಳ ಮೇಲೆ ತ್ರ್ಯಂಬಕನ ಕಣ್ಣೀರು ಹರಿಯಿತು. ಅವರು ಕೈ ತೆಗೆಯಲಿಲ್ಲ.

ಕೆಳಗಿನಿಂದ ಗಾಳಿ ಬಂತು. ಹಕ್ಕಿ ರೆಕ್ಕೆ ಬಿಚ್ಚಿತು, ಅಷ್ಟೇ. ಅದು ಹಾರಲಿಲ್ಲ. ಅದರ ಕಾಲ ಕೆಳಗಿನಿಂದ ಬಂಡೆ ಇಳಿದುಹೋಯಿತು.

ಅದು ಬೀಳಲಿಲ್ಲ. ಒಂದು ಗರಿಯನ್ನೂ ಅಲುಗಿಸದೆ, ಕಾಣದ ಅಂಗೈಯ ಮೇಲೆ ಕೂತಂತೆ, ಸುತ್ತುತ್ತ ಏರಿತು. ಬೆಟ್ಟಕ್ಕಿಂತ ಮೇಲೆ. ಅದರ ನೆರಳು ಇಬ್ಬರ ಮುಖದ ಮೇಲೂ ಒಮ್ಮೆ ಹಾದುಹೋಯಿತು. ಮೇಲಿನ ಹದ್ದುಗಳ ಸುತ್ತಿನೊಳಗೆ ಸೇರಿತು. ಆಮೇಲೆ ಯಾವುದು ಅದು, ಯಾವುದು ಅಲ್ಲ ಎಂದು ತಿಳಿಯುವಂತಿರಲಿಲ್ಲ.

ಗುರುಗಳು ಕೈ ತೆಗೆದರು.

ತ್ರ್ಯಂಬಕ ಕತ್ತು ನೋಯುವವರೆಗೂ ನೋಡಿದ. ಮಾತಾಡಲು ಈಗ ಅವನಿಗೇ ಭಯ.

"ಬುದ್ಧಿ," ಎಂದ ಕೊನೆಗೆ, ಪಿಸುದನಿಯಲ್ಲಿ. "ಅದು ಮತ್ತೆ ಯಾವತ್ತಾದ್ರೂ ನನ್ನ ಹತ್ತಿರ ಬರುತ್ತಾ?"

"ಬರುತ್ತೆ ಕಣಪ್ಪ," ಎಂದರು ಗುರುಗಳು, ಕೋಲು ಎತ್ತಿಕೊಳ್ಳುತ್ತ. "ಕೊನೇಲಿ ಎಲ್ಲರ ಹತ್ತಿರಾನೂ ಬರುತ್ತೆ. ನೀನಾಗಿ ಕರೀಬೇಡ."